ಡಬ್ಬಿಹಾಲಿನ ಲೆಕ್ಕ

ಕುಮಾಸಿಯ ಸುವಾಮೆಯಲ್ಲಿ, ಗುಜರಿ ಲಾರಿಗಳ ಸಂದಿಯಲ್ಲಿ
ಜೋಳದ ಕೆಂಕೆ, ಹುರಿದ ಮೀನು, ಅರೆದ ಮೆಣಸು,
ಮೇಲಿನ ಹಲಗೆಯಲ್ಲಿ ಸಾಲಾಗಿ ಡಬ್ಬಿಹಾಲು:
ಇದು ನನ್ನ ಅಂಗಡಿ. ಹತ್ತೊಂಬತ್ತು ವರ್ಷ.
ಹಾಲು ಮಕ್ಕಳಿಗಲ್ಲ,
ವೆಲ್ಡಿಂಗಿನವರಿಗೆ.

ನಮ್ಮಲ್ಲಿ ಹುಟ್ಟಿದ ವಾರವೇ ಹೆಸರು.
ಬುಧವಾರದವಳು ನಾನು, ಅಕುವಾ.
ಸೋಮವಾರದವನು ಕ್ವಾಜೊ.
ಜ್ವರಕ್ಕೂ ಇಲ್ಲಿ ವಾರವಿದೆ, ಅದೂ ಸೋಮವಾರದ್ದೇ.
ಭಾನುವಾರ ಚರ್ಚಿನಲ್ಲಿ ಹಾಡಿ ಹಗುರಾದ ಎದೆಗೆ
ಮರುದಿನದ ಹೊಗೆ ಅಪರಿಚಿತ,
ಬುಧವಾರಕ್ಕೆ ನೆಂಟ,
ಶನಿವಾರಕ್ಕೆ ಮನೆಯವನೇ.

ಸತುವು ಬಳಿದ ಪೈಪು ಬೆಸೆಯುವಾಗ
ಹತ್ತಿ ಹಿಂಜಿದಂತೆ ಬಿಳಿ ಎಳೆಗಳು ತೇಲುತ್ತವೆ,
ನನ್ನ ಮೀನಿನ ಮೇಲೂ ಕೂರುತ್ತವೆ.
ಬಟ್ಟೆ ಹೊದಿಸುತ್ತೇನೆ ಮೀನಿಗೆ.
ಅವರ ಮೂಗಿಗೆ ಯಾರು ಹೊದಿಸಬೇಕು?

ಸಂಜೆಗೆ ಬರುತ್ತಾರೆ, ಮುದುಡಿಕೊಂಡು.
"ಆಂಟಿ, ನೀರೇಕೆ ಸಿಹಿ? ನಾಲಗೆಯ ಕೆಳಗೆ
ಕಾಸು ಇಟ್ಟ ಹಾಗಿದೆ."
ಮೂಳೆಯೊಳಗೆ ನಡುಕ, ಹರ್ಮಟ್ಟಾನ್ ಗಾಳಿಗೆ
ಕಿಟಕಿ ತೆರೆದಿಟ್ಟು ಮರೆತಂತೆ.
ಮಲೇರಿಯಾ ಎಂದು ಮಾತ್ರೆ ನುಂಗುವವರು ಕೆಲವರು,
ಉಳಿದವರಿಗೆ ನನ್ನ ಹಾಲು.
ಬೆಳಗಾದರೆ ಹುಷಾರು. ಹೊಗಳಿಕೆ ಹಾಲಿಗೆ,
ಸಾಲದ ಪುಸ್ತಕದ ಗೀಟು ನನಗೆ.

ಹಾಲಿಲ್ಲದೆಯೂ ಬಿಡುತ್ತಿತ್ತು ಆ ಜ್ವರ.
ಗೊತ್ತಿರಲಿಲ್ಲ.
ಗೊತ್ತಿದ್ದರೆ ಹೇಳುತ್ತಿದ್ದೆನೇ?
ಡಬ್ಬಿಗೆ ಎರಡು ಸೆಡಿ ಲಾಭ.

ಆ ಸಲ ಶನಿವಾರ ನಡುಗುತ್ತ ಬಂದ ಕ್ವಾಜೊ.
"ನಿನ್ನ ಜ್ವರಕ್ಕೆ ವಾರ ತಪ್ಪಿತೇ?" ಎಂದು ನಕ್ಕೆ.
ಅವನೂ ನಕ್ಕ, ಕೆಮ್ಮಿನ ಆಚೆಯಿಂದ.
ಎಲ್ಲಿಯದೋ ಹಳೆಯ ಯಂತ್ರವಂತೆ,
ಕಚ್ಚಿಕೊಂಡು ಬರಲೊಲ್ಲದ ಬೋಲ್ಟುಗಳಂತೆ,
ಕಂಟೇನರಿನೊಳಗೆ ಕೂತು
ಇಪ್ಪತ್ತನ್ನೂ ಕೆಂಪಗೆ ಕಾಯಿಸಿ ಬಿಡಿಸಿದನಂತೆ.
"ನೋಡು, ಬಂಗಾರ!" ಎಂದು
ಹಳದಿ ಮೆರುಗಿನ ನಟ್ಟೊಂದನ್ನು
ನನ್ನ ಕಿರುಬೆರಳಿಗೆ ತೊಡಿಸಿದ.
ಎರಡು ಡಬ್ಬಿ ಕುಡಿದ. ಬರೆದುಕೋ ಅಂದ.
ಬರೆದುಕೊಂಡೆ.

ಭಾನುವಾರ ಚರ್ಚಿಗೆ ಬರಲಿಲ್ಲ.
ಸೋಮವಾರ, ಅವನ ವಾರ,
ಗೋಡೆಗೊರಗಿ ಕೂತೇ ಉಸಿರಾಡಿದ;
ಮಲಗಿದರೆ ಮುಳುಗುತ್ತೇನೆ ಅಂದ,
ಹೊಳೆಯಿಲ್ಲದ ಓಣಿಯಲ್ಲಿ, ಒಣನೆಲದ ಮೇಲೆ.
ಬುಧವಾರ, ನನ್ನ ವಾರ,
ದೊಡ್ಡಾಸ್ಪತ್ರೆಯಿಂದ ಅವನ ಚಪ್ಪಲಿ
ಹೆಂಡತಿಯ ಕೈಯಲ್ಲಿ ಬಂತು.

ದಾದಿ ಹೇಳಿದಳು ನನಗೆ, ಮೆಲ್ಲಗೆ, ಬೈಯದೆ:
ಹಾಲು ಹೊಟ್ಟೆಯ ದಾರಿ ಹಿಡಿಯುತ್ತೆ, ಹೊಗೆ ಎದೆಯ ದಾರಿ,
ಗಂಟಲಿನಾಚೆ ಅವೆರಡೂ
ಒಂದರ ಮುಖ ಒಂದು ಕಾಣೋದಿಲ್ಲ.
ಸತುವಾದರೆ ಒಂದೆರಡು ದಿನದ ಜ್ವರ.
ಆ ಬೋಲ್ಟಿನ ಮೇಲಿದ್ದದ್ದು ಸತುವಲ್ಲ, ಕ್ಯಾಡ್ಮಿಯಮ್.
ಕಣ್ಣಿಗೆ ಎರಡೂ ಅದೇ ಹಳದಿ.

ಕ್ಯಾಡ್ಮಿಯಮ್.
ಬಾಯಲ್ಲಿ ಹೊರಳಿಸಿ ನೋಡಿದೆ.
ನಮ್ಮ ಮಾತಿನಲ್ಲಿ ಅದಕ್ಕೆ ಹೆಸರಿಲ್ಲ,
ಯಾವ ವಾರ ಹುಟ್ಟಿತೋ.

ಹಾಲು ಮಾರುವುದು ಬಿಟ್ಟೆನೆಂದುಕೊಳ್ಳಬೇಡಿ.
ಚಹಾಕ್ಕೆ ಬೇಕು ಜನಕ್ಕೆ; ಹೊಟ್ಟೆ ನನಗೂ ಇದೆ.
ಆದರೆ ನಡುಗುತ್ತ ಬಂದವನ
ಮೊಣಕೈ ಹಿಡಿದು ಮೊದಲು ಕೇಳುತ್ತೇನೆ:
ಏನನ್ನು ಸುಟ್ಟೆ? ಎಲ್ಲಿ ಕೂತು ಸುಟ್ಟೆ?
ಬಾಗಿಲು ತೆರೆದಿತ್ತೇ?
ಬಣ್ಣ ಕೆರೆದೆಯಾ, ಹಾಗೇ ಬೆಂಕಿ ಹಿಡಿದೆಯಾ?
ಆಂಟಿ ಪೊಲೀಸಾದಳು ಎಂದು ನಗುತ್ತಾರೆ ಹುಡುಗರು.
ನಗಲಿ. ನಗುವವನಿಗೆ ಉಸಿರಿದೆ.

ಪುಸ್ತಕದಲ್ಲಿ ಆ ಪುಟ ಹಾಗೇ ಇದೆ:
ಕ್ವಾಜೊ ಅಜಾರ್ಕೊ, ಡಬ್ಬಿ ಎರಡು, ಬಾಕಿ.
ಹೆಂಡತಿ ತೀರಿಸಲು ಬಂದಳು. ಬೇಡ ಅಂದೆ.
ಗೀಟನ್ನೂ ಎಳೆದಿಲ್ಲ.
ಯಾರು ಯಾರಿಗೆ ಬಾಕಿಯೋ, ಲೆಕ್ಕ ಹತ್ತುತ್ತಿಲ್ಲ.
ಗಾಳಿಗೆ ಹಾಳೆ ಮಗುಚದಂತೆ
ಅದರ ಮೇಲೆ
ಹಳದಿ ನಟ್ಟನ್ನು ಇಟ್ಟಿದ್ದೇನೆ.